ಮಂಗಟ್ಟೆ ಕಾಣುವ ತನಕ

ಲೇಕ್ ಮಾರ್ಕೆಟ್‌ನ ಮೂಲೆಯಲ್ಲಿ ಕರಿಬೇವು ಮಾರುವ ಮುದುಕಿಗೆ ಎಡಮಂಡಿ ಯಾಕೆ ನೋಯುತ್ತದೆ, ಬಾಳೆಲೆ ಅಂಗಡಿಯವನ ಮಗಳಿಗೆ ನೋಡಿದ ಗಂಡು ಯಾಕೆ ಹಿಂದೆ ಸರಿದ, ಎದುರು ಮಹಡಿಯ ಡಾಕ್ಟರ ಹೆಂಡತಿ ಈಚೆಗೆ ಯಾಕೆ ಕೆಳಗಿಳಿದು ಬರುವುದಿಲ್ಲ, ಇವೆಲ್ಲ ತಿಳಿಯಬೇಕಾದರೆ ಅಹಲ್ಯಮ್ಮನನ್ನು ಕೇಳಬೇಕು. ಕೇಳದಿದ್ದರೂ ಅಡ್ಡಿಯಿಲ್ಲ, ಅವರೇ ಹೇಳುತ್ತಾರೆ.

ನಂಜನಗೂಡಿನಿಂದ ಮದುವೆಯಾಗಿ ಕೋಲ್ಕತ್ತಕ್ಕೆ ಬಂದಾಗ ಆಕೆಗೆ ಬಂಗಾಳಿಯ ಒಂದಕ್ಷರ ಬರುತ್ತಿರಲಿಲ್ಲ. ಹೂಕೋಸು ಕೊಳ್ಳುತ್ತ, ಹಾಲಿನವನ ಜೊತೆ ಜಗಳವಾಡುತ್ತ, ದುರ್ಗಾಪೂಜೆಯ ಪಂದಲಿನಲ್ಲಿ ಅಕ್ಕಪಕ್ಕದವರ ಕೂಸುಗಳನ್ನು ಎತ್ತಿಕೊಳ್ಳುತ್ತ ಕಲಿತದ್ದೇ ಬಂಗಾಳಿ. ಆದರೆ ರಾಗ ಮಾತ್ರ ಇಂದಿಗೂ ನಂಜನಗೂಡಿನದೇ. ಮಾರ್ಕೆಟ್ಟಿನವರು ತಿದ್ದಲು ಹೋಗಿ ಸೋತು, ಕಡೆಗೆ ತಾವೇ ‘ಅಯ್ಯೋ’ ಅನ್ನುವುದನ್ನು ಕಲಿತುಕೊಂಡರು.

ಬೆಂಗಳೂರಿನಿಂದ ಸಾಲ್ಟ್ ಲೇಕಿನ ಸಾಫ್ಟ್‌ವೇರ್ ಕಂಪನಿಗಳಿಗೆಂದು ಹುಡುಗ ಹುಡುಗಿಯರು ಹಿಂಡುಹಿಂಡಾಗಿ ಬಂದಿಳಿಯತೊಡಗಿದ ಕಾಲ ಅದು. ಬಂದವರು ಮೊದಲು ಮೊಬೈಲಿಗೆ ಸಿಮ್ ಹಾಕಿಸುತ್ತಿದ್ದರು, ಆಮೇಲೆ ಅಹಲ್ಯಾ ಆಂಟಿಗೆ ಫೋನ್ ಮಾಡುತ್ತಿದ್ದರು. ಇಡ್ಲಿ ರವೆ ಎಲ್ಲಿ ಸಿಗುತ್ತೆ, ಮೀನು ಕರಿಯದ ಎಣ್ಣೆಯಲ್ಲಿ ಕಚೋರಿ ಕರಿಯುವ ಅಂಗಡಿ ಯಾವುದು, ಮಗುವಿಗೆ ಕಿವಿ ಚುಚ್ಚಿಸುವುದು ಎಲ್ಲಿ. ಹಾಗೆ ಫೋನ್ ಮಾಡಿದವಳೇ ಶ್ರಾವ್ಯಾ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸದಲ್ಲಿದ್ದವಳು, ಮಗಳು ಶ್ರೀರಕ್ಷಾ ಹುಟ್ಟಿದ ಮೇಲೆ ಕೆಲಸ ಬಿಟ್ಟು, ಗಂಡ ಅರವಿಂದನ ಹಿಂದೆ ಇಲ್ಲಿಗೆ ಬಂದಿದ್ದಳು. ಫೋನ್ ಮಾಡಿದ್ದು ರಾಗಿಹಿಟ್ಟಿಗೆ. ಅಹಲ್ಯಮ್ಮ ರಾಗಿಹಿಟ್ಟಿನಿಂದ ಶುರುಮಾಡಿ ಅವಳ ಅತ್ತೆಯ ಊರು, ಮಾವನ ಸಕ್ಕರೆ ಕಾಯಿಲೆ, ಮಗುವಿನ ಹಲ್ಲು ಎಲ್ಲವನ್ನೂ ಕೇಳಿ ಮುಗಿಸುವಷ್ಟರಲ್ಲಿ ಒಲೆಯ ಮೇಲಿನ ಹಾಲು ಉಕ್ಕಿ ಆರಿಹೋಗಿತ್ತು. ಎರಡೂ ಮನೆಗಳಲ್ಲಿ.

ಇಂಥ ಅಹಲ್ಯಮ್ಮನ ಗಂಡನಿಗೆ ಹಕ್ಕಿ ನೋಡುವ ಹುಚ್ಚು ಹಿಡಿಸಿದ್ದು ದೇವರ ಕುಚೇಷ್ಟೆಯೇ ಇರಬೇಕು.

ಉಮಾಪತಿಯವರು ಬಿಬಿಡಿ ಬಾಗ್‌ನಲ್ಲಿ ಸರ್ಕಾರಿ ವಿಮಾ ಕಚೇರಿಯೊಂದರಲ್ಲಿ ಅಧಿಕಾರಿ. ಇಡೀ ದಿನ ಅವರಾಡುವ ಮಾತನ್ನು ಒಂದು ಪೋಸ್ಟ್‌ಕಾರ್ಡಿನಲ್ಲಿ ಬರೆದು, ವಿಳಾಸಕ್ಕೂ ಜಾಗ ಬಿಡಬಹುದು. ಭಾನುವಾರ ಬೆಳಿಗ್ಗೆ ದುರ್ಬೀನು ಕೊರಳಿಗೆ ಹಾಕಿಕೊಂಡು ರವೀಂದ್ರ ಸರೋವರದ ಕಡೆ ಹೊರಡುವರು. ‘ನಾನೂ ಬರ್ತೀನಿ, ಒಂದು ಸುತ್ತು ನಡೆದ ಹಾಗಾಗುತ್ತೆ’ ಎಂದು ಅಹಲ್ಯಮ್ಮ ಚಪ್ಪಲಿ ಮೆಟ್ಟುವರು. ನೀರ ಮೇಲೆ ಬಾಗಿದ ಕೊಂಬೆಯಲ್ಲಿ ಮಿಂಚುಳ್ಳಿ ಕೂತಿದೆ, ಉಮಾಪತಿ ಉಸಿರು ಬಿಗಿಹಿಡಿದು ದುರ್ಬೀನು ಎತ್ತುತ್ತಾರೆ ಎನ್ನುವಷ್ಟರಲ್ಲಿ, ‘ರೀ, ನಿನ್ನೆ ಆ ಮುಖರ್ಜಿ ಬಾಬು ಏನಂದ್ರು ಗೊತ್ತಾ...’ ಪುರ್ರ್! ಹೀಗೆ ವರ್ಷಗಟ್ಟಲೆ ನಡೆದು, ಪಾಪ, ಉಮಾಪತಿಯವರು ಹಕ್ಕಿಯ ಬಾಲ ನೋಡಿಯೇ ಹೆಸರು ಹೇಳುವುದರಲ್ಲಿ ಪಳಗಿಬಿಟ್ಟಿದ್ದರು. ಕೊಕ್ಕು ತೋರಿಸಿದರೆ ತಡವರಿಸುತ್ತಿದ್ದರು.

ಅವರಿಗೊಂದು ಆಸೆಯಿತ್ತು. ಕಾಲಿಂಪಾಂಗಿನ ಆಚೆ, ಲಾವಾ ಎಂಬ ಊರಿನ ಸುತ್ತಲಿನ ಬೆಟ್ಟದ ಕಾಡುಗಳಲ್ಲಿ ಕೆಂಪು ಕತ್ತಿನ ಮಂಗಟ್ಟೆ ಹಕ್ಕಿ ಇದೆಯಂತೆ. ಇಂಗ್ಲಿಷಿನಲ್ಲಿ ಹಾರ್ನ್‌ಬಿಲ್, ಬಂಗಾಳಿಗಳು ಧನೇಶ್ ಅನ್ನುತ್ತಾರೆ. ಅದನ್ನು ಒಮ್ಮೆ ನೋಡಬೇಕು. ಕರೆಂಟು ಹೋದಾಗಲೆಲ್ಲ ಕಿಟಕಿಯ ಬಳಿ ಹಕ್ಕಿ ಪುಸ್ತಕ ಹಿಡಿದು ಕೂತು ಅದೇ ಪುಟ ಓದುವರು: ‘ಗಂಡಿನ ತಲೆ, ಕತ್ತು, ಎದೆ ಕೆಂಗಂದು. ಬೆನ್ನು ಹೊಳೆಯುವ ಕಪ್ಪು. ಹೆಣ್ಣು ಪೂರ್ತಿ ಕಪ್ಪು. ಕಣ್ಣಿನ ಸುತ್ತ ನೀಲಿ ಚರ್ಮ.’ ಅಹಲ್ಯಮ್ಮನಿಗೆ ಅದು ಬಾಯಿಪಾಠವೇ ಆಗಿಹೋಗಿತ್ತು. ಆದರೆ ಹೋಗುವುದು ಯಾವಾಗ? ಕಚೇರಿಯಿಂದ ಪ್ರವಾಸ ರಜೆ ಸಿಕ್ಕಾಗಲೆಲ್ಲ ನಂಜನಗೂಡಿನಲ್ಲಿ ಒಂದು ನಾಮಕರಣವೋ ಗೃಹಪ್ರವೇಶವೋ ಕಾದಿರುತ್ತಿತ್ತು. ಆ ವರ್ಷದ್ದು ಕೊನೆಯ ರಜೆ. ಯುಗಾದಿಯ ಹೊತ್ತಿಗೆ ನಿವೃತ್ತಿ, ಆಮೇಲೆ ಗಂಟುಮೂಟೆ ಕಟ್ಟಿ ಮೈಸೂರಿಗೆ. ಈ ಸಲ ಯಾರೇ ಕರೆದರೂ ಊರಿಗಿಲ್ಲ, ಬೆಟ್ಟಕ್ಕೇ ಎಂದು ಉಮಾಪತಿ ಟಿಕೆಟ್ ತಂದರು. ಅರವಿಂದ, ಶ್ರಾವ್ಯಾ, ಮಗು ಕೂಡ ಬರುವುದೆಂದಾಯಿತು.

ಟಿಕೆಟ್ ತಂದ ಭಾನುವಾರ ಎಲ್ಲರಿಗೂ ಅಹಲ್ಯಮ್ಮನ ಮನೆಯಲ್ಲೇ ಊಟ. ಮಜ್ಜಿಗೆಹುಳಿ ಬಡಿಸುತ್ತ ಅವರು ಬೆಟ್ಟಕ್ಕೆ ಒಯ್ಯಬೇಕಾದ ಚಟ್ನಿಪುಡಿ, ಸ್ವೆಟರು, ಮಂಕಿಟೋಪಿಗಳ ವಿಷಯ ಹೇಳುತ್ತಲೇ ಇದ್ದರು. ಉಮಾಪತಿ ಅನ್ನ ಕಲಸುತ್ತ ಮೆಲ್ಲಗೆ ಅಂದರು:

“ಹಕ್ಕಿ ನೋಡೋದು ಅಂದ್ರೆ ಬಾಯಿ ಮುಚ್ಕೊಂಡು ಕೂರೋದು. ನೀನು ಬಂದ್ರೆ ಅಲ್ಲಿರೋ ಹಕ್ಕಿಗಳೆಲ್ಲ ಟಿಬೆಟ್ಟಿಗೆ ಗುಳೆ ಹೋಗ್ತವೆ, ಅಷ್ಟೇ.”

ಎಲ್ಲರೂ ನಕ್ಕರು. ಅಹಲ್ಯಮ್ಮನೂ ನಕ್ಕರು. ನಕ್ಕು ಅಡುಗೆಮನೆಗೆ ಹೋದವರು ಹಪ್ಪಳ ತರುವುದನ್ನು ಮರೆತು ಒಲೆಯ ಮುಂದೆ ಸುಮ್ಮನೆ ನಿಂತರು. ಮಾತು ತಮಾಷೆಯದೇ, ಆದರೆ ಸುಳ್ಳಲ್ಲ. ಇಷ್ಟು ವರ್ಷದಲ್ಲಿ ಆ ಮನುಷ್ಯ ಆಸೆಪಟ್ಟದ್ದು ಒಂದೇ ಒಂದು ಹಕ್ಕಿಗೆ. ಅದೂ ತನ್ನ ಬಾಯಿಂದ ಹಾರಿಹೋದರೆ?

ಶ್ರಾವ್ಯಾ ತಟ್ಟೆ ಇಡಲು ಒಳಗೆ ಬಂದಾಗ ಅಹಲ್ಯಮ್ಮ ದೇವರ ಮುಂದೆ ಕೂತು, ಅರಿಶಿನದ ನೀರಿನಲ್ಲಿ ಅದ್ದಿದ ಬಟ್ಟೆಯಲ್ಲಿ ನಾಣ್ಯವೊಂದನ್ನು ಗಂಟು ಹಾಕುತ್ತಿದ್ದರು.

“ಏನಾಂಟಿ ಅದು?”

“ಮುಡಿಪು ಕಣೇ. ರೈಲು ಇಳಿದ ಗಳಿಗೆಯಿಂದ ನನ್ನದು ಮೌನವ್ರತ. ಅವರ ಕಣ್ಣಿಗೆ ಆ ಮಂಗಟ್ಟೆ ಬೀಳೋ ತನಕ ಒಂದು ಮಾತು ಆಡಲ್ಲ. ಬರೆದು ತೋರಿಸೋದೂ ಇಲ್ಲ, ಅದೂ ಮಾತೇ ಅಂತಿದ್ರು ನಮ್ಮಜ್ಜಿ. ನಂಜುಂಡೇಶ್ವರನಿಗೆ ಹೇಳ್ಕೊಂಡುಬಿಟ್ಟೆ.”

ಶ್ರಾವ್ಯಾಳ ಟೆಸ್ಟಿಂಗ್ ಬುದ್ಧಿ ಜಾಗೃತವಾಯಿತು. “ಆಂಟಿ, ಹಕ್ಕಿ ಬರದೇ ಇದ್ರೆ?”

“ಬರುತ್ತೆ.”

“ಬರದೇ ಇದ್ರೆ ಅಂತ. ಫೇಲ್ ಆದ್ರೆ ಏನು ಮಾಡೋದು ಅಂತ ಮೊದಲೇ ಯೋಚಿಸ್ಬೇಕು ಆಂಟಿ. ‘ಹಕ್ಕಿ ಬರೋ ತನಕ, ಇಲ್ಲಾ ವಾಪಸ್ ರೈಲು ಹತ್ತೋ ತನಕ’ ಅಂತ ಸೇರಿಸ್ಬಿಡಿ.”

“ದೇವರ ಹತ್ರ ಎಲ್ಲಾದ್ರೂ ಇಲ್ಲಾ-ಗಿಲ್ಲಾ ಅಂತ ಕಂಡಿಷನ್ ಹಾಕ್ತಾರೇನೇ? ಕಟ್ಟಿದ್ದು ಕಟ್ಟಿದ್ದೇ.”

ಗಂಟು ಬಿಗಿಯಾಯಿತು.

ಕಾಳಿಪೂಜೆಯ ಪಟಾಕಿ ಹೊಗೆ ಇಳಿದ ಮೇಲೆ ಹೊರಟರು. ಅರವಿಂದ ಕೊನೆಯ ಗಳಿಗೆಯಲ್ಲಿ ಕೈಕೊಟ್ಟ. ಆಫೀಸಿನಲ್ಲಿ ಏನೋ ರಿಲೀಸ್ ಅಂತೆ, ಅಮೆರಿಕದವರು ಕಾಯುತ್ತಿದ್ದಾರಂತೆ. ಸಿಯಾಲ್ದಾದಿಂದ ರೈಲು ಹೊರಟಾಗ ಹಿರಿಯರಿಬ್ಬರು, ಶ್ರಾವ್ಯಾ, ಶ್ರೀರಕ್ಷಾ ಇಷ್ಟೇ ಜನ. ಅಹಲ್ಯಮ್ಮ ಮುಂದಿನ ದಿನಗಳ ಪಾಲನ್ನೂ ಸೇರಿಸಿ ಮಾತಾಡಿದರು. ಎದುರು ಸೀಟಿನ ಬಂಗಾಳಿ ದಂಪತಿ ಬೆಳಿಗ್ಗೆ ಇಳಿಯುವಾಗ ಅವರ ವಿಳಾಸವನ್ನೂ ಮಜ್ಜಿಗೆಹುಳಿ ಮಾಡುವ ವಿಧಾನವನ್ನೂ ತೆಗೆದುಕೊಂಡು ಹೋದರು. ಪ್ಲಾಟ್‌ಫಾರಂ ಮೇಲೆ ಕಾಲಿಟ್ಟದ್ದೇ ತಡ, ಅಹಲ್ಯಮ್ಮನ ಬಾಯಿ ಮುಚ್ಚಿತು.

ಉಮಾಪತಿಗೆ ಇದನ್ನು ಶ್ರಾವ್ಯಾಳೇ ತಿಳಿಸಬೇಕಾಯಿತು. ಅವರು ಹೆಂಡತಿಯ ಮುಖ ನೋಡಿದರು. “ತಮಾಷೆ ಮಾಡ್ದೆ ಕಣೇ ಅವತ್ತು,” ಅಂದರು. ಅಹಲ್ಯಮ್ಮ ತಲೆ ಕೊಡವಿದರು. “ಸರಿ, ನೋಡೋಣ, ಎಷ್ಟು ಹೊತ್ತು,” ಅಂದು ಒಳಗೊಳಗೇ ಖುಷಿಯಾಗಿಯೇ ಮುಂದೆ ನಡೆದರು.

ಖುಷಿ ಜೀಪ್ ನಿಲ್ದಾಣದವರೆಗೆ ಬಾಳಿತು. ಇಷ್ಟು ವರ್ಷ ಟ್ಯಾಕ್ಸಿ, ರಿಕ್ಷಾ, ಕೂಲಿ ಎಲ್ಲರ ಜೊತೆ ವ್ಯವಹಾರ ಅಹಲ್ಯಮ್ಮನದು. ಉಮಾಪತಿ ಹಿಂದೆ ನಿಂತು ಕನ್ನಡಕ ಒರೆಸುತ್ತಿದ್ದವರು. ಈಗ ಮುಂದೆ ಹೋಗಿ ಕಚೇರಿಯ ಹಿಂದಿಯಲ್ಲಿ, “ಆಪಕೋ ಸೂಚಿತ್ ಕಿಯಾ ಜಾತಾ ಹೈ...”, ತಮಗೆ ತಿಳಿಸಲಾಗುತ್ತಿದೆ ಎಂಬ ಸುತ್ತೋಲೆಯ ಧಾಟಿಯಲ್ಲಿ ಶುರುಮಾಡಿದರು. ಡ್ರೈವರ್ ಏನೋ ಕೇಳಿದ, ಇವರು ಮರ್ಯಾದೆಗೆ ಹ್ಞೂಂ ಅಂದರು. ಅವನು ಕೇಳಿದ್ದು, ದಾರಿಯಲ್ಲಿ ನನ್ನ ಸ್ವಂತ ಸಾಮಾನು ಸ್ವಲ್ಪ ಹೇರಿಕೊಳ್ಳಲಾ ಎಂದು. ಹೀಗಾಗಿ ಅವರು ತೀಸ್ತಾ ನದಿಯ ಹಸಿರನ್ನೂ ಸಾಲವನದ ತಣ್ಣೆಳಲನ್ನೂ ನೋಡಿದ್ದು ಸೀಮೆಬದನೆ ಮೂಟೆಗಳ ಸಂದಿಯಿಂದ. ಬುಟ್ಟಿಯಲ್ಲಿದ್ದ ಹುಂಜವೊಂದು ಉಮಾಪತಿಯವರ ಪಕ್ಕದಲ್ಲೇ ಪ್ರಯಾಣ ಮಾಡಿತು.

“ಅಂಕಲ್, ಒಂದು ಹಕ್ಕಿಯಾದ್ರೂ ಹತ್ತಿರದಿಂದ ನೋಡಿದ ಹಾಗಾಯ್ತು,” ಅಂದಳು ಶ್ರಾವ್ಯಾ.

ಅಹಲ್ಯಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡರು. ವ್ರತದಲ್ಲಿ ನಗಬಾರದೆಂದು ಇರಲಿಲ್ಲ, ಆದರೆ ನಕ್ಕರೆ ಹಿಂದೆಯೇ ಮಾತು ಬರುತ್ತದೆಂದು ಅವರಿಗೆ ತಮ್ಮ ಬಗ್ಗೆ ಗೊತ್ತಿತ್ತು.

ಕಾಡಿನಂಚಿನ ಮರದ ಬಂಗಲೆಯಲ್ಲಿ ಅಡುಗೆಯವನ ಸರದಿ. “ವೆಜ್,” ಅಂದರು ಉಮಾಪತಿ, ಒಂದೇ ಶಬ್ದದಲ್ಲಿ ಜಗತ್ತನ್ನೇ ಹೇಳಿ ಮುಗಿಸಿದವರಂತೆ. ಬಂದ ಪಲ್ಯದ ತಳದಲ್ಲಿ ಏನೋ ಬೆಳ್ಳಗೆ ಉರುಟಾಗಿ ಹೊರಳಿತು. ಮೊಟ್ಟೆಯೋ ಆಲೂಗಡ್ಡೆಯೋ? ಅಹಲ್ಯಮ್ಮ ಕೇಳುವುದು ಹೇಗೆ? ಎದ್ದು ನಿಂತು ಎರಡೂ ಮೊಳಕೈ ಬಡಿದು, ಕುಕ್ಕರುಗಾಲಲ್ಲಿ ಕೂತು, ಕೆಳಗೆ ಬೆರಳು ತೋರಿಸಿ, ಹುಬ್ಬು ಏರಿಸಿದರು. ಅಡುಗೆಯವನ ಮುಖ ಅರಳಿತು. “ಹೋ ಜಾಯೇಗಾ ಮಾತಾಜಿ!” ಆಗಿಬಿಡುತ್ತೆ ತಾಯಿ ಎಂದು ಚೂರಿ ಹಿಡಿದು ಕೋಳಿಗೂಡಿನತ್ತ ಓಡಿದ. ಶ್ರಾವ್ಯಾ ಮಗುವನ್ನು ಕಂಕುಳಲ್ಲಿಟ್ಟುಕೊಂಡೇ ಅವನ ಹಿಂದೆ ಓಡಿ, ಒಂದು ಅಮಾಯಕ ಪ್ರಾಣ ಉಳಿಸಿದಳು. ಬೆಳ್ಳಗಿದ್ದದ್ದು ಆಲೂಗಡ್ಡೆಯೇ ಆಗಿತ್ತು.

“ಅಜ್ಜಿ, ತುಮಿ ಕಥಾ ಬೋಲ್ಬೇ ನಾ?” ನೀನು ಮಾತಾಡಲ್ವಾ ಎಂದಳು ಶ್ರೀರಕ್ಷಾ. ಕೆಲಸದವಳಿಂದ ಕಲಿತ ಬಂಗಾಳಿ. ಉತ್ತರ ಬರಲಿಲ್ಲವೆಂದು ಕನ್ನಡಕ್ಕೆ ತಿರುಗಿದಳು: “ಅಜ್ಜಿ ಬ್ಯಾಟರಿ ಫಿನಿಶ್?”

ಮೊದಲ ಬೆಳಿಗ್ಗೆ ಗೈಡ್ ಪಾಸಾಂಗ್ ಬಂದ. ಮಂಕಿಟೋಪಿ ಹಾಕಿದ, ಜೇಬಿನಲ್ಲಿ ಸದಾ ಬಿಸ್ಕತ್ತಿಟ್ಟುಕೊಂಡ ನಡುವಯಸ್ಸಿನವನು. ಜೀಪಿನಲ್ಲಿ ಸ್ವಲ್ಪ ಕೆಳಗಿಳಿದು ಕಾಡಿಗೆ ಹೊಕ್ಕರು. ಮರಗಳ ಮೈಗೆಲ್ಲ ಕಂಬಳಿ ಹೊದೆಸಿದಂತೆ ಪಾಚಿ. ತೆಂಗಿನ ಸಸಿಯಷ್ಟು ಎತ್ತರದ ಜರೀಗಿಡಗಳು. ಮಂಜು ಒಂದು ಕೊಂಬೆಯನ್ನು ತೋರಿಸಿ ಇನ್ನೊಂದನ್ನು ನುಂಗುತ್ತಿತ್ತು. ಒಮ್ಮೆ ಅದು ಪೂರ್ತಿ ಸರಿದು, ಇಷ್ಟು ಹತ್ತಿರದಲ್ಲಿದೆಯೇ ಎಂದು ಬೆಚ್ಚುವಂತೆ ಕಾಂಚನಜುಂಗಾ ನಿಂತಿತ್ತು, ಬಿಸಿಲಿಗೆ ಬೆಣ್ಣೆಯ ಬಣ್ಣ. ಅಹಲ್ಯಮ್ಮ ಬಾಯಿ ತೆರೆದು, ಮುಚ್ಚಿ, ಎರಡೂ ಕೈ ಜೋಡಿಸಿ ತಲೆಯ ಮೇಲಿಟ್ಟರು. ಉಮಾಪತಿ ಅಭ್ಯಾಸಬಲದಿಂದ ಅವರತ್ತ ತಿರುಗಿದರು. ಯಾವುದರ ಬಗ್ಗೆಯೇ ಆಗಲಿ, ಹೆಂಡತಿ ಏನೆನ್ನುತ್ತಾಳೆ ಎಂದು ಕೇಳುವ ಮೊದಲು ತಮಗೇನನ್ನಿಸಿತೆಂದು ಅವರಿಗೆ ಯಾವತ್ತೂ ಸರಿಯಾಗಿ ತಿಳಿಯುತ್ತಿರಲಿಲ್ಲ. ಅದು ಅವರಿಗೆ ಗೊತ್ತಾದದ್ದೇ ಆವಾಗ.

ಮಂಗಟ್ಟೆ ಬರಲಿಲ್ಲ. “ಕಲ್ ಇಧರ್ ಹೀ ಥಾ,” ಅಂದ ಪಾಸಾಂಗ್. ನಿನ್ನೆ ಇಲ್ಲೇ ಇತ್ತು. ಮುಂದಿನ ತಿರುವಿನಲ್ಲೂ ನಿನ್ನೆ ಅಲ್ಲೇ ಇತ್ತು. ಅವನ ನಿನ್ನೆಯಲ್ಲಿ ಹಕ್ಕಿಗಳು ಕಿಕ್ಕಿರಿದಿದ್ದವು.

ಮಧ್ಯಾಹ್ನ ಜಗಲಿಯಲ್ಲಿ ಉಮಾಪತಿ ಹೆಂಡತಿಯನ್ನು ಮಾತಿಗೆಳೆಯಲು ನೋಡಿದರು. ಮೊದಲು ಹವೆಯ ವಿಷಯ. ಆಮೇಲೆ, ಅಹಲ್ಯಮ್ಮನ ತಂಗಿ ಮಾಡುವ ಹುಳಿ ನಿಜಕ್ಕೂ ರುಚಿ ಅಂದರು. ಅಹಲ್ಯಮ್ಮನ ಮೂಗು ಅರಳಿತು, ಮಾತಿಲ್ಲ. ಕಡೆಯ ಅಸ್ತ್ರವಾಗಿ, “ಹಾಗೆ ನೋಡಿದ್ರೆ ಮೈಸೂರಿನ ಮನೆಗೆ ನಿನ್ನ ಅಡುಗೆಮನೆ ಪಾತ್ರೆಗಳೆಲ್ಲ ಯಾಕೆ? ಅರ್ಧ ಇಲ್ಲೇ ಮಾರಿಬಿಡೋಣ,” ಅಂದರು. ಅಹಲ್ಯಮ್ಮ ಎದ್ದು ಒಳಗೆ ಹೋಗಿ ಕೋಣೆಯ ಬಾಗಿಲು ಹಾಕಿಕೊಂಡರು. ಒಳಗಿನಿಂದ ದಿಂಬಿಗೆ ಗುದ್ದುವ ಸದ್ದು ಕೇಳಿಸಿತು.

“ಅಂಕಲ್, ಪಾಪ, ಬಿಡಿ,” ಅಂದಳು ಶ್ರಾವ್ಯಾ.

“ನನಗೇ ಸರಿ ಹೋಗ್ತಿಲ್ಲ ಕಣಮ್ಮಾ,” ಅಂದರು ಉಮಾಪತಿ. “ಕಿವಿಯಲ್ಲಿ ನೀರು ಹೊಕ್ಕ ಹಾಗಿದೆ.”

ಮರುದಿನ ಬೆಳಿಗ್ಗೆ ಶ್ರಾವ್ಯಾ ಮಗುವಿಗೆ ನೆಗಡಿಯೆಂದು ಬಂಗಲೆಯಲ್ಲೇ ಉಳಿದಳು. ಪಾಸಾಂಗ್ ಮುಂದೆ, ಉಮಾಪತಿ ನಡುವೆ, ಅಹಲ್ಯಮ್ಮ ಹಿಂದೆ. ದಾರಿ ಸೊಂಟದಂತೆ ಬಳುಕುವ ಕಡೆ ಒಂದು ದೊಡ್ಡ ಅತ್ತಿ ಮರ, ಮೈತುಂಬ ಹಣ್ಣು. ಪಾಸಾಂಗ್ ಆಗಲೇ ತಿರುವು ದಾಟಿದ್ದ, ಉಮಾಪತಿಯವರು ಎಡಕ್ಕೆ ತಿರುಗಿ ಪೊದೆಯಲ್ಲೇನೋ ಹುಡುಕುತ್ತಿದ್ದರು. ಅಹಲ್ಯಮ್ಮ ಸುಮ್ಮನೆ ಬಲಕ್ಕೆ ನೋಡಿದರು.

ಅದು ಅಲ್ಲಿತ್ತು.

ಎಷ್ಟು ದೊಡ್ಡದು! ನವಿಲಿನ ಗಾತ್ರ. ಪೂರ್ತಿ ಕಪ್ಪು. ಕಣ್ಣಿನ ಸುತ್ತ ನೀಲಿ, ಗಂಟಲಲ್ಲಿ ಕುಂಕುಮದ ಕೆಂಪು, ಬಾಳೆಕಾಯಿ ಉದ್ದದ ಕೊಕ್ಕು. ಆ ಕೊಕ್ಕಿನ ತುದಿಯಲ್ಲಿ ಒಂದೇ ಒಂದು ಹಣ್ಣನ್ನು, ಮುತ್ತೈದೆ ತಾಂಬೂಲ ಹಿಡಿದಷ್ಟು ನಾಜೂಕಾಗಿ ಹಿಡಿದು, ಮೇಲೆಸೆದು, ಗಂಟಲಿಗೆ ಹಾಕಿಕೊಂಡಿತು. ಅಹಲ್ಯಮ್ಮನಿಗೆ ಪುಸ್ತಕದ ಸಾಲು ನೆನಪಾಯಿತು. ಹೆಣ್ಣು ಪೂರ್ತಿ ಕಪ್ಪು. ಇದೇ, ಇದೇ!

ಕೈ ಚಾಚಿ ಗಂಡನ ಸ್ವೆಟರ್ ಎಳೆದರು. “ಶ್!” ಅಂದರು ಉಮಾಪತಿ, ತಿರುಗಲಿಲ್ಲ. ಇನ್ನೂ ಜೋರಾಗಿ ಎಳೆದರು. ಅವರು ಆ ಕೈಯನ್ನು ಬಿಡಿಸಿ, ನೊಣ ಓಡಿಸುವಂತೆ ಹಿಂದಕ್ಕೆ ಸರಿಸಿದರು. ಸರೋವರದ ದಂಡೆಯಲ್ಲಿ ಎಷ್ಟು ಭಾನುವಾರ ಹಾಗೆ ಸರಿಸಿದ್ದರೋ! ಒಂದು ಮಾತು ಸಾಕಿತ್ತು. ‘ರೀ’ ಅಂದರೆ ಸಾಕಿತ್ತು. ಅದು ನಾಲಿಗೆಯ ತುದಿಗೆ ಬಂದು, ಅರಿಶಿನದ ಗಂಟು ಕಣ್ಣೆದುರು ನಿಂತು, ಅಲ್ಲೇ ನಿಂತುಬಿಟ್ಟಿತು. ಅಂದುಬಿಟ್ಟರೆ ಹಕ್ಕಿಯೂ ಹಾರುತ್ತದೆ, ವ್ರತವೂ ಹೋಗುತ್ತದೆ. ಅನ್ನದಿದ್ದರೆ? ಮಂಗಟ್ಟೆ ಒಂದು ಕೊಂಬೆಯಿಂದ ಇನ್ನೊಂದಕ್ಕೆ ಕುಪ್ಪಳಿಸಿತು, ಅಲ್ಲಿಂದ ಎಲೆಗಳ ಹಿಂದಕ್ಕೆ. ಕೊಂಬೆ ಒಂದಿಷ್ಟು ಹೊತ್ತು ತೂಗಿ ನಿಂತಿತು.

“ಏನು?” ಎಂದು ಆಗ ತಿರುಗಿದರು ಉಮಾಪತಿ. “ಕಾಲು ನೋವಾ?”

ಅಹಲ್ಯಮ್ಮ ಅವರನ್ನು ನೋಡಿದ ನೋಟಕ್ಕೆ ಅತ್ತಿಮರ ಸುಟ್ಟುಹೋಗಬೇಕಿತ್ತು.

ಅವತ್ತು ಮಧ್ಯಾಹ್ನ ಜಿಟಿಜಿಟಿ ಮಳೆ. ಅಹಲ್ಯಮ್ಮ ಅಡುಗೆಮನೆಯ ಒಲೆಯ ಪಕ್ಕ ಮಣೆ ಹಾಕಿ ಕೂತಿದ್ದರು. ಎಲ್ಲರ ಒದ್ದೆ ಬೂಟುಗಳೂ ಅಲ್ಲೇ ಒಣಗುತ್ತಿದ್ದವು. ಕಣ್ಣಲ್ಲಿ ನೀರು ತುಂಬಿತ್ತು. ಹೊಗೆಗೆ ಎಂದುಕೊಳ್ಳಬಹುದಿತ್ತು, ಆದರೆ ಬಾಗಿಲಲ್ಲಿ ಬಂದು ನಿಂತ ಉಮಾಪತಿ ಹಾಗೆಂದುಕೊಳ್ಳಲಿಲ್ಲ. ಮಾತು ಕಟ್ಟಿ ಇವಳಿಗೆ ಹೀಗಾಗಿದೆ ಎಂದು ಅವರ ಮನಸ್ಸಿಗೆ ಬಂತು. ಕೆಮ್ಮಿದರು. ಒಳಗೆ ಬಂದು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತರು.

“ಅಹಲ್ಯಾ, ಕಂಡಿತು ಕಣೇ.”

ಅಹಲ್ಯಮ್ಮ ತಟ್ಟನೆ ತಿರುಗಿದರು.

“ಈಗ ನೀನು ಊಟ ಆದ ಮೇಲೆ ಇಲ್ಲಿ ಬಂದು ಕೂತ್ಯಲ್ಲ, ಆಗ ನಾನೊಬ್ಬನೇ ಕೆಳಗಿನ ಕಾಲುದಾರಿಗೆ ಹೋಗಿದ್ದೆ. ಅಲ್ಲೇ ಇತ್ತು. ಗಂಡು. ತಲೆ, ಕತ್ತು, ಎದೆ ಕೆಂಗಂದು. ಬೆನ್ನು ಹೊಳೆಯುವ ಕಪ್ಪು. ಕಣ್ಣಿನ ಸುತ್ತ ನೀಲಿ ಚರ್ಮ.”

ಅಹಲ್ಯಮ್ಮ ಕೇಳಿದರು. ಪುಸ್ತಕದ ವಾಕ್ಯವೇ, ಅಕ್ಷರ ಆಚೀಚೆ ಇಲ್ಲ. ಕಣ್ಣು ಮೆಲ್ಲಗೆ ಒಲೆಯ ಕಡೆ ಹೋಯಿತು. ಗಂಡನ ಏಕೈಕ ಜೊತೆ ಬೂಟು ಕಾಡಿನಿಂದ ಬಂದಾಗಿನಿಂದ ಅಲ್ಲೇ, ಈಗ ತಮ್ಮ ಮೊಳಕೈ ಪಕ್ಕದಲ್ಲೇ ಹಬೆಯಾಡುತ್ತ ಕೂತಿತ್ತು. ಉಮಾಪತಿಯವರ ಕಾಲಲ್ಲಿ ಉಣ್ಣೆಯ ಕಾಲುಚೀಲ, ಒಣಗಿಯೇ ಇತ್ತು.

ಬದುಕಿನಲ್ಲಿ ಒಂದು ಸುಳ್ಳು ಹೇಳಲು ಬಾರದ ಮನುಷ್ಯ! ಎಷ್ಟೋ ವರ್ಷದಿಂದ ಕಾದ ಹಕ್ಕಿಯನ್ನು ಕಂಡೆನೆಂದು ಹೇಳಿಕೊಂಡರೆ ಇನ್ನು ಅದಕ್ಕಾಗಿ ಕಾಯುವ ಹಾಗೂ ಇಲ್ಲ, ಕಾಣಲಿಲ್ಲ ಎಂದು ಕೊರಗುವ ಹಾಗೂ ಇಲ್ಲ. ಅಷ್ಟನ್ನೂ ಒಲೆಗೆ ಹಾಕಿ, ಹೆಂಡತಿಯ ವಟವಟ ಕೇಳಲು ಕೂತಿದ್ದಾರೆ, ಕಾಲುಚೀಲದಲ್ಲಿ.

ಸುಳ್ಳು ಹೇಳಿದ್ದು ಅವರು, ಮಾತಾಡುವುದು ತಾನು. ನಂಜುಂಡೇಶ್ವರ ತಪ್ಪನ್ನು ಯಾರ ಮೇಲೆ ಬೇಕಾದರೂ ಹಾಕಲಿ, ಊರಿಗೆ ಹೋದ ಮೇಲೆ ತಪ್ಪುಕಾಣಿಕೆ ಹಾಕಿದರಾಯಿತು ಎಂದು ಅಹಲ್ಯಮ್ಮ ಒಂದೇ ಉಸಿರಿನಲ್ಲಿ ತೀರ್ಮಾನಿಸಿದರು. ಗಂಟಲು ಸರಿಮಾಡಿಕೊಂಡರು.

“ರೀ, ಮೊದಲು ಆ ಅಡುಗೆಯವನನ್ನ ಕರೀರಿ. ನಾಳೆ ಉಪ್ಪಿಟ್ಟು ನಾನೇ ಮಾಡ್ತೀನಿ. ಆಮೇಲೆ, ಪಾತ್ರೆ ಮಾರ್ತೀನಿ ಅಂದ್ರಲ್ಲ, ಯಾವ ಪಾತ್ರೆ? ನಮ್ಮಮ್ಮ ಕೊಟ್ಟ ತಪ್ಪಲೆನಾ? ಮತ್ತೆ ನನ್ನ ತಂಗಿ ಹುಳಿಗೆ ಬೆಲ್ಲ ಸುರೀತಾಳೆ, ಅದು ನಿಮಗೆ ರುಚಿ! ಆ ಜೀಪಿನವನಿಗೆ ಏನು ಹ್ಞೂಂ ಅಂದ್ರಿ...”

ಅಡುಗೆಯವನು, ಶ್ರಾವ್ಯಾ, ಮಗು ಎಲ್ಲರೂ ಓಡಿ ಬಂದರು. ಅಡುಗೆಯವನು ಆವರೆಗೆ ಅವರನ್ನು ಹುಟ್ಟು ಮೂಕಿ ಎಂದುಕೊಂಡಿದ್ದವನು, ಪವಾಡ ಕಂಡಂತೆ ಹಣೆ ಮುಟ್ಟಿಕೊಂಡ. ಉಮಾಪತಿ ಗೋಡೆಗೊರಗಿ ಕಣ್ಣು ಮುಚ್ಚಿ ಕೇಳುತ್ತಿದ್ದರು.

ಸಂಜೆ ಚಹಾ ಕುಡಿಯುತ್ತ ಅವರೆಂದರು: “ನಾಳೆ ಕೊನೇ ದಿನ. ಹಕ್ಕಿ ನೋಡಿದ್ದಾಯ್ತಲ್ಲ, ನಿಧಾನಕ್ಕೆ ಎದ್ರಾಯ್ತು.”

ಅಹಲ್ಯಮ್ಮ ಕಪ್ಪು ಕೆಳಗಿಟ್ಟರು. ‘ನಾನೂ ನೋಡಿದೆ, ಆ ಅತ್ತಿ ಮರದಲ್ಲಿ’ ಎಂಬ ಮಾತು ಬೆಳಿಗ್ಗೆಯಿಂದ ಒಳಗೆ ಕುದಿಯುತ್ತಿತ್ತು. ಅದನ್ನು ಹೇಳಿದರೆ ಅವರ ಸುಳ್ಳಿನ ಮುಂದೆ ತನ್ನ ನಿಜ ಹೋಗಿ ನಿಲ್ಲುತ್ತದೆ. ಅಲ್ಲೇ ಇದ್ದೂ ನೋಡದೆ ಹೋದೆನಲ್ಲ ಎಂದು ಆ ಮನುಷ್ಯ ಮೈಸೂರಿಗೆ ಹೋದ ಮೇಲೂ ಕೊರಗುತ್ತಾರೆ.

“ನಿಮಗೇನು, ನೋಡ್ಕೊಂಡ್ ಬಂದ್ರಿ ಒಬ್ಬರೇ,” ಅಂದರು. “ನಾನು ಬಾಯಿಗೆ ಬೀಗ ಹಾಕ್ಕೊಂಡು ಬಂದೋಳು, ನನಗೆ ತೋರಿಸೋದು ಬೇಡ್ವಾ? ನಾಳೆ ಹೋಗಲೇಬೇಕು.”

“ಕಾಣುತ್ತೋ ಇಲ್ವೋ...”

“ನಿಮಗೆ ಕಂಡಿದ್ದು ನನಗೆ ಯಾಕೆ ಕಾಣಲ್ಲ?”

ಶ್ರಾವ್ಯಾ ಇಬ್ಬರ ಮುಖವನ್ನೂ ನೋಡಿದಳು. ಎಲ್ಲೋ ಏನೋ ತಾಳೆಯಾಗುತ್ತಿಲ್ಲ ಎಂದು ಅವಳ ಟೆಸ್ಟಿಂಗ್ ಮನಸ್ಸು ಹೇಳಿತು. ಆದರೆ ಮಗು ಚಹಾದ ಲೋಟಕ್ಕೆ ಕೈ ಹಾಕಿದ್ದರಿಂದ ತನಿಖೆ ಅಲ್ಲಿಗೇ ನಿಂತಿತು.

ಕೊನೆಯ ಬೆಳಿಗ್ಗೆ ಪಾಸಾಂಗ್ ಮೇಲಿನ ದಾರಿಯಲ್ಲಿ ಹೋಗೋಣವೆಂದ. ನಿನ್ನೆ ಅಲ್ಲೇ ಇತ್ತಂತೆ. ಅಹಲ್ಯಮ್ಮ ತಮ್ಮ ನಂಜನಗೂಡಿನ ಬಂಗಾಳಿಯನ್ನು ಹಿಂದಿಗೆ ಬೆರೆಸಿ, ಮಂಡಿ ನೋವು, ಏರಲಾಗುವುದಿಲ್ಲ, ಕೆಳಗಿನ ದಾರಿಯೇ ಆಗಬೇಕು ಎಂದು ಹಟ ಹಿಡಿದರು. ಅವನ ಹೆಂಡತಿಗೂ ಮಂಡಿ ನೋವಂತೆ. ಅದಕ್ಕೆ ಏನು ಹಚ್ಚಬೇಕೆಂದು ದಾರಿಯುದ್ದ ಹೇಳಿದರು. ಅತ್ತಿ ಮರದ ಎದುರು ಬಂದದ್ದೇ, “ಅಯ್ಯಪ್ಪಾ, ಇನ್ನು ಒಂದು ಹೆಜ್ಜೆ ಆಗಲ್ಲ,” ಎಂದು ಪಾಚಿಗಟ್ಟಿದ ಬಂಡೆಯ ಮೇಲೆ ಕೂತುಬಿಟ್ಟರು. ಕೂತವರು ತಾವಾಗಿಯೇ ಸುಮ್ಮನಾದರು.

ಉಮಾಪತಿ ಪಕ್ಕದಲ್ಲಿ ಕೂತು ದುರ್ಬೀನನ್ನು ತೊಡೆಯ ಮೇಲಿಟ್ಟುಕೊಂಡರು. ಮಂಗಟ್ಟೆಯನ್ನು ಈಗಾಗಲೇ 'ನೋಡಿದವರು' ಆತುರ ತೋರಿಸುವಂತಿಲ್ಲವಲ್ಲ. ಆದರೆ ಕಣ್ಣು ಎಲೆ ಎಲೆಯನ್ನೂ ತಡಕುತ್ತಿತ್ತು. ಅಹಲ್ಯಮ್ಮ ಓರೆಗಣ್ಣಿನಿಂದ ಅವರನ್ನೇ ನೋಡುತ್ತಿದ್ದರು. ಬಾರಮ್ಮ, ತಾಯಿ, ಇವತ್ತೊಂದು ದಿನ ಬಾ ಎಂದು ಆ ಕಪ್ಪು ಹಕ್ಕಿಗೆ ಮನಸ್ಸಿನಲ್ಲೇ ಹೇಳಿಕೊಂಡರು. ಪಾಸಾಂಗ್ ಒಂದು ಬಿಸ್ಕತ್ತು ಮುಗಿಸಿದ. ಇನ್ನೊಂದು ತೆಗೆದ. ಬಿಸಿಲು ಏರಿತು. ಮಂಜು ಕೆಳಗಿನ ಕಣಿವೆಗೆ ಜಾರಿತು. ಇನ್ನು ಹೊರಡಬೇಕು, ಮಧ್ಯಾಹ್ನಕ್ಕೆ ಜೀಪು.

ಆಗ ಮೇಲಿನಿಂದ ಒಂದು ಸದ್ದು ಬಂತು. ಹಳೆಯ ಕಲ್ಲಿದ್ದಲು ಎಂಜಿನ್ ಏರು ಹತ್ತುವಾಗ ಉಸಿರು ಬಿಡುವಂಥ ಸದ್ದು. ಉಮಾಪತಿ ತಲೆ ಎತ್ತಿದರು. ಅಗಲವಾದ ಎರಡು ಕಪ್ಪು ರೆಕ್ಕೆಗಳು ಅವರ ತಲೆಯ ಮೇಲಿನ ಆಕಾಶವನ್ನು ಒಮ್ಮೆ ಮುಚ್ಚಿ ತೆರೆದು, ಎದುರಿನ ಅತ್ತಿಯ ಹೊರಗೊಂಬೆಯ ಮೇಲೆ ಇಳಿದವು. ಕೊಂಬೆ ಬಾಗಿತು. ಅದರ ಹಿಂದೆಯೇ ಇನ್ನೊಂದು: ತಲೆ, ಕತ್ತು, ಎದೆ ಎಲ್ಲ ಕೆಂಗಂದು, ಬೆಳಗಿನ ಬಿಸಿಲಿಗೆ ಬೆಂಕಿ ಹತ್ತಿದ ಹಾಗೆ.

ಅಹಲ್ಯಮ್ಮ ಬಾಯಿಗೆ ಕೈ ಅಡ್ಡ ಹಿಡಿದರು. ಅದರ ಅಗತ್ಯವೇ ಇರಲಿಲ್ಲ.

“ಅಹಲ್ಯಾ!” ಉಮಾಪತಿಯವರ ಕೂಗು ಕಣಿವೆಯ ಆಚೆ ದಡಕ್ಕೆ ಬಡಿದು ವಾಪಸು ಬಂತು. “ನೋಡೇ! ಬಂತು ಕಣೇ! ಗಂಡು, ಹೆಣ್ಣು, ಎರಡೂ! ಕೊಕ್ಕು ನೋಡೇ, ಕೊಕ್ಕು! ಅಯ್ಯೋ, ಪುಸ್ತಕದಲ್ಲಿ ಏನೂ ಇಲ್ಲ, ಈ ಬಣ್ಣ ಪುಸ್ತಕದಲ್ಲಿ ಇಲ್ಲವೇ ಇಲ್ಲ! ನಾನು ಹೀಗಿರುತ್ತೆ ಅಂದ್ಕೊಂಡೇ ಇರಲಿಲ್ಲ!”

ಎದ್ದು ನಿಂತಿದ್ದರು. ದುರ್ಬೀನು ತೊಡೆಯಿಂದ ಜಾರಿ ಕೊರಳಲ್ಲಿ ನೇತಾಡುತ್ತಿತ್ತು, ಎರಡೂ ಕೈ ಮೇಲೆತ್ತಿ ಬೀಸುತ್ತಿದ್ದರು. ಮಂಗಟ್ಟೆಗಳು ಕತ್ತು ಓರೆ ಮಾಡಿ, ಮಂಕಿಟೋಪಿ ಹಾಕಿದ ಈ ಪ್ರಾಣಿಯನ್ನು ಒಂದು ಗಳಿಗೆ ಚೆನ್ನಾಗಿ ನೋಡಿದವು. ಆಮೇಲೆ ಎಂಜಿನ್ ಸದ್ದು ಮಾಡುತ್ತ ಎರಡೂ ಕಣಿವೆಗೆ ಹಾರಿದವು.

ಪಾಸಾಂಗ್ ಬಿಸ್ಕತ್ತಿನ ಕೈಯಿಂದ ಹಣೆ ಚಚ್ಚಿಕೊಂಡ. “ದಾದಾ, ಆಪ್ ಬಹುತ್ ಬೋಲ್ತೇ ಹೈಂ!” ನೀವು ತುಂಬಾ ಮಾತಾಡ್ತೀರಿ ಅಂತ.

“ರಾಗ್ ಕೋರೋ ನಾ ಬಾಬಾ,” ಸಿಟ್ಟಾಗಬೇಡಪ್ಪ ಎಂದು ಅಹಲ್ಯಮ್ಮ ನಗುವಿನಿಂದ ನಡುಗುತ್ತ ಅವನನ್ನು ಸಮಾಧಾನ ಮಾಡಿದರು.

ಉಮಾಪತಿ ತಾವು ಏನೇನು ಕೂಗಿದೆವೆಂದು ಆಗ ನೆನಪಿಸಿಕೊಂಡರು. ಕಿವಿ ಕೆಂಪಾಯಿತು. ಹೆಂಡತಿಯ ಕಡೆ ನೇರ ನೋಡದೆ, “ಅಂದ್ರೆ... ನಿನ್ನೆ ಕಂಡಿದ್ದು ಸ್ವಲ್ಪ ಎಲೆ ಮರೆಯಲ್ಲಿತ್ತು...” ಎಂದು ಶುರುಮಾಡಿದರು.

“ಇರಬಹುದು ಬಿಡಿ,” ಅಂದರು ಅಹಲ್ಯಮ್ಮ. “ಇವತ್ತು ಎಷ್ಟು ಚೆನ್ನಾಗಿ ಕಂಡಿತಲ್ಲ.”

“ನೀನು ನೋಡಿದ್ಯಾ? ಸರಿಯಾಗಿ ನೋಡಿದ್ಯಾ?”

“ನಿಮ್ಮ ಜೊತೇಲೇ ನೋಡಿದೆ.”

ಅಷ್ಟು ಸಾಕಾಯಿತು. ಬಂಗಲೆಯವರೆಗೆ ಉಮಾಪತಿಯವರ ಬಾಯಿ ನಿಲ್ಲಲಿಲ್ಲ. ಗಂಡು ಮೊದಲು ಕೂತಿತೋ ಹೆಣ್ಣೋ, ರೆಕ್ಕೆಯ ಬಿಳಿ ಎಷ್ಟು, ಬಾಲದ ಬಿಳಿ ಎಷ್ಟು, ತಮ್ಮನ್ನು ಅದು ನೋಡಿದ ರೀತಿ ಎಂಥದ್ದು. ಎದುರು ಸೌದೆ ಹೊತ್ತು ಬಂದ ಅಪರಿಚಿತ ಹೆಂಗಸನ್ನೂ ನಿಲ್ಲಿಸಿ ಕಚೇರಿಯ ಹಿಂದಿಯಲ್ಲಿ ವರದಿ ಒಪ್ಪಿಸಿದರು. ಅಹಲ್ಯಮ್ಮ ಒಂದು ಹೆಜ್ಜೆ ಹಿಂದೆ, ಸೆರಗು ಹೊದ್ದು, ಹ್ಞೂಂಗುಟ್ಟುತ್ತ ಬಂದರು. ನಡುವೆ ಎರಡು ಸಲ ಏನೋ ಹೇಳಲು ಬಾಯಿ ತೆರೆದರು.

“ತಾಳು, ತಾಳು,” ಅಂದರು ಉಮಾಪತಿ, “ನನ್ನದು ಇನ್ನೂ ಮುಗಿದಿಲ್ಲ.”